ಹಿಂದೆ ಉಳಿದ ಗೆರೆ

ಶಂಕರಘಟ್ಟದಲ್ಲಿ ಹನ್ನೊಂದೂವರೆಗೆ ಕರೆಂಟು ಹೋಯಿತು.
ತಣ್ಣನೆ ಕೋಣೆಯಲ್ಲಿ ಜೆಲ್ ಅರ್ಧ ಓಡಿ ನಿಂತಿತು.
ಯುಪಿಎಸ್ ಒಂದು ನಿಮಿಷ ಕೀಚುಗುಟ್ಟಿ
ಅದೂ ತೆಪ್ಪಗಾಯಿತು.
ನೀಲಿ ಗೆರೆ ಎಲ್ಲಿತ್ತೋ ಅಲ್ಲೇ.
ಸ್ಟೂಲಿನ ಮೇಲೆ ನಾನು, ಕೈಗೆ ಗ್ಲೌಸು ಹಾಗೇ.

ಫೋನು ಬೆಳಗಿತು. ಕುಂಸಿಯಿಂದ ಅಪ್ಪ,
ಗಸ್ತಿಗೆ ಹೊರಡುವ ಮುಂಚೆ.
"ಏನ್ ಮಾರಾಯ್ತಿ, ಈ ಹೊತ್ನಲ್ಲಿ ಯಾರನ್ನ ಹಿಡೀತಿದೀಯ?"
"ಒಂದು ಪ್ರೋಟೀನು. ಡಿಎನ್‌ಎ ಮೇಲೆ
ತನ್ನ ಜಾಗ ಹೇಗೆ ಹುಡುಕ್ತದೆ ಅಂತ."
"ಲೈನು ಎಷ್ಟುದ್ದ?"
"ನಲವತ್ತಾರು ಲಕ್ಷ ಅಕ್ಷರ."
"ಅದಕ್ಕೆ ಬೇಕಾದ್ದು?"
"ಹತ್ತು."
ಸ್ವಲ್ಪ ಹೊತ್ತು ಬರೀ ಉಸಿರು.
"ಹಂಗಾದ್ರೆ ನಡೀಬೇಕು," ಅಂದ, "ಬೇರೆ ದಾರಿ ಇಲ್ಲ."

ಮೂವತ್ತೊಂದು ವರ್ಷ ನಡೆದವನು.
ಕೀಮನ್ ಹಾಲೇಶಪ್ಪ, ಹೆಗಲ ಮೇಲೆ ಸುತ್ತಿಗೆ,
ಎರಡು ಕಂಬಿ, ನಡುವೆ ಸಾಲು ಸಾಲು ಸ್ಲೀಪರು.
ಅವನು ಕಂಬಿ ಬಿಚ್ಚಿ ನೋಡುವವನಲ್ಲ.
ಒಂದೇಟು ಹಾಕುತ್ತಾನೆ, ಕಿವಿ ಕೊಡುತ್ತಾನೆ.
ಬಿಗಿಯಾದ ಕೀಲಿಗೆ ಒಂದು ಸದ್ದು,
ಸಡಿಲಾದದ್ದಕ್ಕೆ ಇನ್ನೊಂದು.

ನನ್ನ ಪ್ರೋಟೀನೂ ಏಣಿ ಬಿಚ್ಚುವುದಿಲ್ಲ ಅಪ್ಪ.
ಹೊರಗಿನ ತೋಡಿನೊಳಗೆ ಬೆರಳಿಟ್ಟು
ಎ, ಟಿ, ಜಿ, ಸಿಗಳ ಅಂಚು ತಡವುತ್ತದೆ:
ಇಲ್ಲೊಂದು ಉಬ್ಬು, ಇಲ್ಲೊಂದು ತಗ್ಗು,
ಕೆಲವು ಕಡೆ ನಡುವೆ ಒಂದು ಹನಿ ನೀರು
ದುಭಾಷಿಯಾಗಿ ನಿಂತಿರುತ್ತದೆ.

ಡಿಎನ್‌ಎ ಮೈತುಂಬ ಋಣ.
ಪ್ರೋಟೀನಿನ ಅಂಗೈಯಲ್ಲಿ ಧನ.
ಆ ಸೆಳೆತಕ್ಕೆ ಎಲ್ಲಿ ಬೇಕಾದರೂ ಅಂಟೀತು,
ಅಂಟಿ ಜಾರೀತು, ಜಾರಿ ಹಾರೀತು,
ಹಾರಿ ಮೂರು ತಿರುವಿನಾಚೆ ಮತ್ತೆ ಕೂತೀತು.
ಋಣಕ್ಕೆ ಊರೆಲ್ಲ ಸಾಕು.
ಗುರುತಿಗೆ ಮಾತ್ರ ಆ ಒಂದೇ ಮನೆ ಬೇಕು.

ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದು ಇಷ್ಟು:
"ಅದು ಒಂಟಿ ಅಲ್ಲ. ಜೋಡಿ.
ಈ ಕಡೆಯವ ಒಂದು ಎಳೆಯಲ್ಲಿ ಓದ್ತಾನೆ ಟಿ ಜಿ ಟಿ ಜಿ ಎ.
ಆ ಕಡೆಯವ ಎದುರಿಂದ, ಇನ್ನೊಂದು ಎಳೆಯಲ್ಲಿ,
ಅವನಿಗೂ ಟಿ ಜಿ ಟಿ ಜಿ ಎ."
"ನಾನೂ ಜಬೀವುಲ್ಲಾನೂ!" ಅಂದ ಅಪ್ಪ.
ಅವನು ಅರಸಾಳಿನಿಂದ, ಇವನು ಕುಂಸಿಯಿಂದ,
ಗಡಿಕಲ್ಲಿನ ಹತ್ತಿರ ಎರಡು ಲಾಟೀನು ಸೇರಿ
ಗಸ್ತಿನ ಪುಸ್ತಕ ಬದಲಾಗುತ್ತದೆ,
ಒಂದು ಬೀಡಿಯಷ್ಟು ಹೊತ್ತು.
ಆಮೇಲೆ ಇಬ್ಬರೂ ಬೆನ್ನು ತಿರುಗಿಸಿ ಹೊರಡುತ್ತಾರೆ.

ಹೌದು, ಇದೂ ಬಿಟ್ಟು ಹೊರಡುತ್ತದೆ.
ಇರುವಷ್ಟು ಹೊತ್ತು ಕಂಬಿಯನ್ನೇ ಬಗ್ಗಿಸುತ್ತದೆ,
ಆ ತಿರುವಿಗೆ ಗಾಡಿ ಬಂದು ನಿಲ್ಲುತ್ತದೆ,
ಮಲಗಿದ್ದ ಜೀನು ಏಳುತ್ತದೆ.

ಇನ್ನೊಂದು ಇದೆ. ಅದನ್ನು ಹೇಳಲು ಹೋಗಿ ತಡೆದೆ.
ಹೊಟ್ಟೆ ತುಂಬಿದ ಕೋಶದಲ್ಲಿ ಇದು ಅನಕ್ಷರಸ್ಥ.
ಸಕ್ಕರೆ ಮುಗಿದಾಗ ಒಂದು ಪುಟ್ಟ ಅಣು ಬಂದು
ಇದರ ಮಡಿಲಲ್ಲಿ ಕೂರುತ್ತದೆ.
ಆಗ ಮೈ ಸ್ವಲ್ಪ ಹೊರಳಿ, ಬೆರಳು ನೆಟ್ಟಗಾಗಿ,
ಓದು ಬರುತ್ತದೆ.
ಹಸಿವೇ ಅದಕ್ಕೆ ಕನ್ನಡಕ.
ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವನಿಗೆ
ಇದನ್ನು ಹೇಗೆ ಹೇಳುವುದು?
"ಉಂಡ್ಯಾ?" ಅಂದ.
"ಹ್ಞೂಂ," ಅಂದೆ. ಸುಳ್ಳು.

ಒಂದೂಕಾಲಿಗೆ ಕರೆಂಟು ಬಂತು.
ಮತ್ತೆ ಓಡಿಸಿದೆ. ದೀಪದ ಕೆಳಗಿಟ್ಟೆ.
ಗೆರೆಗಳು ಅಂಚಿನಲ್ಲಿ ಸ್ವಲ್ಪ ಕದಡಿದ್ದವು,
ಮೇಡಂ ಬೈಯುತ್ತಾರೆ, ಬೈಯಲಿ.
ಒಂದನೇ ಸಾಲು: ಯಾರೂ ಹಿಡಿಯದ ಡಿಎನ್‌ಎ,
ಓಡಿ ಓಡಿ ತಳ ಸೇರಿದೆ.
ಎರಡನೆಯದು: ಒಂದೇ ಒಂದು ಅಕ್ಷರ ಬದಲಿಸಿದ್ದೆ,
ಜಿ ಇದ್ದಲ್ಲಿ ಸಿ.
ಅದನ್ನೂ ಯಾರೂ ಮಾತಾಡಿಸಿಲ್ಲ.
ಮೂರನೆಯದು
ಮೇಲೇ ಉಳಿದಿದೆ, ಎದೆಗೆ ಅವುಚಿದ ಭಾರ ಹೊತ್ತು,
ಹಿಂದೆ ಬಿದ್ದ ಒಂದು ಗೆರೆ.

ಬಿದ್ದದ್ದಲ್ಲ. ಹಿಡಿಸಿಕೊಂಡದ್ದು.

ಕಿಟಕಿ ತೆರೆದೆ. ಇಲ್ಲಿಂದ ಕುಂಸಿ ಕಾಣುವುದಿಲ್ಲ.
ಈ ಹೊತ್ತಿಗೆ ಗಡಿಕಲ್ಲು ದಾಟಿ ವಾಪಸು ತಿರುಗಿರುತ್ತಾನೆ,
ಟಿಣ್, ಟಿಣ್, ಟಿಣ್,
ಒಂದು ಕಡೆ ನಿಂತು, ಬಗ್ಗಿ.
ಡಬ್ಬಿಯಲ್ಲಿ ಬೆಳಗಿನ ಚಿತ್ರಾನ್ನ ಇತ್ತು.
ಗ್ಲೌಸು ಕಳಚಿ ತಿಂದೆ.